ಗುಳಿಗೆ, ಕ್ವಾರ್ಟರ್ ಮತ್ತು ಸ್ಟೇಷನ್ನಿನ ಮೆಟ್ಟಿಲು

ಪ್ರಶ್ನೆ: ನನಗೆ 47 ವರ್ಷ. ಊರು ಕುಂದಾಪುರದ ಕಡೆ, ಮನೆ ಡೊಂಬಿವಲಿಯಲ್ಲಿ. ಥಾಣೆಯ ಒಂದು ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ ಗಲ್ಲೆ (ಕ್ಯಾಶ್ ಕೌಂಟರ್) ನೋಡಿಕೊಳ್ಳುತ್ತೇನೆ. ಎಂಟು ವರ್ಷದಿಂದ ಶುಗರ್ ಇದೆ, ಮೂರು ವರ್ಷದಿಂದ ಬಿಪಿ. ಶುಗರಿಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್, ಬಿಪಿಗೆ ಟೆಲ್ಮಿಸಾರ್ಟನ್ ಮತ್ತು ಅಮ್ಲೋಡಿಪಿನ್ ತೆಗೆದುಕೊಳ್ಳುತ್ತೇನೆ. ದಿನಾ ರಾತ್ರಿ ಒಂದು ನೈಂಟಿ (90 ಮಿ.ಲೀ.), ಶನಿವಾರ ಕ್ವಾರ್ಟರ್ (180 ಮಿ.ಲೀ.) ಕುಡಿಯುವ ಅಭ್ಯಾಸ ಇದೆ. ಎರಡು ವರ್ಷದಿಂದ ಹೆಂಡತಿಯ ಜೊತೆ ಸೇರುವಾಗ ಸರಿಯಾಗಿ ನಿಮಿರುವುದಿಲ್ಲ. ಹೋಟೆಲಿನ ಗೆಳೆಯನೊಬ್ಬ ಸಿಲ್ಡೆನಾಫಿಲ್ 100 ಮಿ.ಗ್ರಾಂ. ಮಾತ್ರೆಯ ಸ್ಟ್ರಿಪ್ ಕೊಟ್ಟ. ಎರಡು ಸಲ ಕೆಲಸ ಮಾಡಿತು. ಮೂರನೇ ಸಲ, ಶನಿವಾರ ರಾತ್ರಿ, ಕ್ವಾರ್ಟರ್ ಮುಗಿಸಿ ಮನೆಗೆ ಬಂದು ಮಾತ್ರೆ ನುಂಗಿದೆ. ಬಿಸಿನೀರು ಸ್ನಾನ ಮಾಡಿ ಹೊರಗೆ ಬರುವಾಗ ಮೈ ಬೆವರಿ, ಕಣ್ಣು ಕತ್ತಲೆ ಬಂದು ಬಿದ್ದೆ. ಹಣೆಗೆ ನಾಲ್ಕು ಹೊಲಿಗೆ. ಹೆಂಡತಿಗೆ ಜಾರಿ ಬಿದ್ದೆ ಎಂದಿದ್ದೇನೆ. ಡ್ರಿಂಕ್ಸ್ ಮತ್ತು ಈ ಮಾತ್ರೆ ಹೊಟ್ಟೆಯಲ್ಲಿ ಸೇರಿದರೆ ವಿಷವಾಗುತ್ತದಾ? ಎಷ್ಟು ಗಂಟೆ ಗ್ಯಾಪ್ ಇಟ್ಟರೆ ಸಾಕು? ಅದೇ ಜಾತಿಯ ಇನ್ನೊಂದು ಮಾತ್ರೆ ಟಡಲಾಫಿಲ್ ಆದರೆ ಕುಡಿದರೂ ಏನೂ ಆಗಲ್ಲ ಎಂದು ಗೆಳೆಯ ಹೇಳುತ್ತಾನೆ. ಇನ್ನೊಬ್ಬ ಆಯುರ್ವೇದದ ಕ್ಯಾಪ್ಸೂಲ್ ಒಳ್ಳೆಯದು ಅನ್ನುತ್ತಾನೆ. ಇನ್ನೊಂದು ಮಾತು, ಇದಕ್ಕೆ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ. ಹೋದ ತಿಂಗಳು ಸ್ಟೇಷನ್ನಿನ ಸೇತುವೆ ಹತ್ತುವಾಗ ಗ್ಯಾಸ್ ಆಗಿ ಎದೆ ಹಿಡಿದ ಹಾಗಾಯಿತು. ಜೊತೆಗಿದ್ದ ಹಿರಿಯರು ತಮ್ಮ ಜೇಬಿನಿಂದ ಒಂದು ಸಣ್ಣ ಮಾತ್ರೆ ತೆಗೆದು ನಾಲಿಗೆ ಅಡಿ ಇಟ್ಟರು. ಐದು ನಿಮಿಷದಲ್ಲಿ ಸರಿಹೋಯಿತು.

ಉತ್ತರ: ಸಂಬಂಧ ಇದೆ. ನಿಮ್ಮ ಪತ್ರವನ್ನು ನಾನು ಆ ಕೊನೆಯ ಸಾಲಿಗೆ ಬಂದು ನಿಲ್ಲಿಸಿದೆ, ಮತ್ತೆ ಮೊದಲಿನಿಂದ ಓದಿದೆ. ಹಾಗಾಗಿ ಉತ್ತರವನ್ನೂ ಅಲ್ಲಿಂದಲೇ ಶುರು ಮಾಡುತ್ತೇನೆ. ಡ್ರಿಂಕ್ಸಿನ ಮಾತು ಆಮೇಲೆ.

ಎದೆ ಹಿಡಿದಾಗ ನಾಲಿಗೆ ಅಡಿ ಇಡುವ ಆ ಸಣ್ಣ ಮಾತ್ರೆ ಬಹುತೇಕ ಸಾರ್ಬಿಟ್ರೇಟ್ ಇರಬೇಕು. ಹಾರ್ಟ್ ಪೇಷೆಂಟುಗಳು ಅದನ್ನು ಪರ್ಸಿನಲ್ಲಿ ಇಟ್ಟುಕೊಂಡೇ ಲೋಕಲ್ ಟ್ರೈನ್ ಹತ್ತುತ್ತಾರೆ. ಅದು ನೈಟ್ರೇಟ್ ಜಾತಿಯ ಔಷಧ. ನೈಟ್ರೇಟ್ ಮತ್ತು ಸಿಲ್ಡೆನಾಫಿಲ್ ಒಂದೇ ಸಮಯಕ್ಕೆ ರಕ್ತದಲ್ಲಿದ್ದರೆ ಬಿಪಿ ಪಾತಾಳಕ್ಕೆ ಇಳಿಯಬಹುದು. ಎಷ್ಟು ಇಳಿಯಬಹುದು ಎಂದರೆ ಹೃದಯಕ್ಕೇ ರಕ್ತ ಸಾಲದೆ ಹೋಗುವಷ್ಟು, ಪ್ರಾಣ ಹೋಗುವಷ್ಟು. ಆ ದಿನ ನೀವು ಗೆಳೆಯನ ಮಾತ್ರೆ ನುಂಗಿರಲಿಲ್ಲ ಎಂದು ಕಾಣುತ್ತದೆ. ನುಂಗಿದ್ದ ಮರುದಿನವೇ ಸೇತುವೆಯ ಮೇಲೆ ಎದೆ ಹಿಡಿದಿದ್ದರೆ? ಆ ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟದ್ದು ನಿಮ್ಮನ್ನು ಕೊಲ್ಲುವ ಸಾಧ್ಯತೆ ಇತ್ತು.

ಎರಡನೆಯದು, ಅದು ಗ್ಯಾಸ್ ಎಂದು ನೀವೇ ತೀರ್ಮಾನ ಮಾಡಿಬಿಟ್ಟಿದ್ದೀರಿ. ಹೋಟೆಲ್ ಲೈನಿನಲ್ಲಿರುವ ನಮ್ಮವರು ಎದೆಯಲ್ಲಿ ಏನಾದರೂ ಗ್ಯಾಸ್ ಅನ್ನುತ್ತಾರೆ. ಹೊತ್ತಿಲ್ಲದ ಊಟ, ಬೆಳಗಿನಿಂದ ಚಹಾ, ಆದ್ದರಿಂದ ನಂಬುವುದೂ ಸುಲಭ. ಆದರೆ ಮೆಟ್ಟಿಲು ಹತ್ತುವಾಗ ಬಂದು, ನಿಂತ ಮೇಲೆ ಹೋಗುವ ಎದೆ ಬಿಗಿತ ಹೃದಯದ್ದು ಎಂದು ಇಟ್ಟುಕೊಂಡೇ ನೋಡಬೇಕು. ಶುಗರ್ ಇರುವವರಲ್ಲಿ ಎಷ್ಟೋ ಸಲ ಹೃದಯದ ನೋವು ಪೂರ್ತಿ ನೋವಾಗಿ ಕಾಣುವುದೇ ಇಲ್ಲ. ಬರೀ ಉರಿ, ಬಿಗಿತ, ಇಲ್ಲವೇ ಸುಸ್ತು.

ಆದ್ದರಿಂದ ಈ ವಾರವೇ ಹೃದಯದ ಡಾಕ್ಟರರ ಹತ್ತಿರ ಹೋಗಿ. ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಅವರು ಹೇಳಿದರೆ ನಡೆಸಿ ಹೃದಯ ನೋಡುವ ಸ್ಟ್ರೆಸ್ ಟೆಸ್ಟ್. ಅಲ್ಲಿಯವರೆಗೆ ಗೆಳೆಯನ ಸ್ಟ್ರಿಪ್ ಮುಟ್ಟಬೇಡಿ. ಬಿಪಿ ಮತ್ತು ಶುಗರಿನ ಮಾತ್ರೆ ಮಾತ್ರ ಒಂದು ದಿನವೂ ಬಿಡಬೇಡಿ. ಮತ್ತೆ ಎದೆ ಹಿಡಿದರೆ, ಹತ್ತು ನಿಮಿಷ ಕಾಯುತ್ತಾ ಕೂರದೆ 108ಕ್ಕೆ ಫೋನ್ ಮಾಡಿ. ಯಾರು ನೋಡಲು ಬಂದರೂ ಮೊದಲು ಹೇಳಬೇಕಾದದ್ದು ಇದು: ‘ನಾನು ಈ ಮಾತ್ರೆ ಇಷ್ಟು ಹೊತ್ತಿಗೆ ತೆಗೆದುಕೊಂಡಿದ್ದೇನೆ.’ ಸಿಲ್ಡೆನಾಫಿಲ್ ನುಂಗಿದ 24 ಗಂಟೆಯೊಳಗೆ, ಟಡಲಾಫಿಲ್ ಆದರೆ 48 ಗಂಟೆಯೊಳಗೆ ನೈಟ್ರೇಟ್ ಕೊಡುವ ಹಾಗಿಲ್ಲ. ಅದನ್ನು ಡಾಕ್ಟರಿಗೆ ಹೇಳಲು ನಾಚಿಕೆಪಟ್ಟವರನ್ನು ನಾನು ಕಂಡಿದ್ದೇನೆ. ಸ್ಟ್ರೆಚರ್ ಮೇಲೆ ಮಲಗಿದ್ದರೂ, ಹೆಂಡತಿ ಪಕ್ಕದಲ್ಲಿದ್ದಾಳೆ ಎಂದು ಬಾಯಿ ಬಿಡುವುದಿಲ್ಲ. ದಯವಿಟ್ಟು ನೀವು ಹಾಗೆ ಮಾಡಬೇಡಿ.

ಈಗ ನೀವು ಕೇಳಿದ ಪ್ರಶ್ನೆಗೆ ಬರೋಣ.

ವಿಷ ಆಗುವುದಿಲ್ಲ. ಮದ್ಯ ಮತ್ತು ಸಿಲ್ಡೆನಾಫಿಲ್ ಹೊಟ್ಟೆಯಲ್ಲಿ ಸೇರಿ ಮೂರನೇ ಯಾವುದೋ ವಸ್ತುವಾಗಿ ಮಾರ್ಪಡುವುದಿಲ್ಲ. ಆರೋಗ್ಯವಂತರಿಗೆ 50 ಮಿ.ಗ್ರಾಂ. ಸಿಲ್ಡೆನಾಫಿಲ್ ಕೊಟ್ಟು, ಜೊತೆಗೆ ಮದ್ಯ ಕೊಟ್ಟು ಪರೀಕ್ಷೆ ಮಾಡಿದ್ದಾರೆ. ಮದ್ಯದಿಂದ ಇಳಿಯುವ ಬಿಪಿಯನ್ನು ಮಾತ್ರೆ ಇನ್ನಷ್ಟು ಇಳಿಸಲಿಲ್ಲ. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ಆ ಪರೀಕ್ಷೆಯಲ್ಲಿ ಇದ್ದವರಿಗೆ ಶುಗರ್ ಇರಲಿಲ್ಲ, ಬಿಪಿಗೆ ಎರಡು ಔಷಧ ಇರಲಿಲ್ಲ. ನೀವು ನುಂಗಿದ್ದು 50 ಅಲ್ಲ, 100.

ನೀವು ಬಿಲ್ಡಿಂಗಿನಲ್ಲಿ ಇರುವವರು, ನಿಮಗೆ ಇದು ಬೇಗ ಅರ್ಥವಾಗುತ್ತದೆ. ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ಕೆಳಗಿನ ಮನೆಗಳವರೆಲ್ಲ ಒಟ್ಟಿಗೆ ನಲ್ಲಿ ತೆರೆದರೆ ಮೇಲಿನ ಮಹಡಿಗೆ ಹನಿಯೂ ಬರುವುದಿಲ್ಲ, ಅಲ್ವಾ? ಪ್ರೆಶರ್ ಇಳಿದಿರುತ್ತದೆ. ನಮ್ಮ ದೇಹದಲ್ಲಿ ಮೇಲಿನ ಮಹಡಿ ಎಂದರೆ ಮೆದುಳು. ಅಮ್ಲೋಡಿಪಿನ್ ರಕ್ತನಾಳಗಳನ್ನು ಸಡಿಲ ಮಾಡುತ್ತದೆ, ಅದರ ಕೆಲಸವೇ ಅದು. ಟೆಲ್ಮಿಸಾರ್ಟನ್ ಇನ್ನೊಂದು ದಾರಿಯಿಂದ ಅದನ್ನೇ ಮಾಡುತ್ತದೆ. ಸಿಲ್ಡೆನಾಫಿಲ್ ಕೂಡ ಹಾಗೆಯೇ. ಅಮ್ಲೋಡಿಪಿನ್ ತೆಗೆದುಕೊಳ್ಳುವವರಿಗೆ 100 ಮಿ.ಗ್ರಾಂ. ಕೊಟ್ಟರೆ ಮೇಲಿನ ಬಿಪಿ ಸರಾಸರಿ 8ರಷ್ಟು ಹೆಚ್ಚಾಗಿ ಇಳಿಯುತ್ತದೆ. ಸರಾಸರಿ ಎಂದರೆ ಕೆಲವರಿಗೆ ಇನ್ನೂ ಜಾಸ್ತಿ. ಅದರ ಮೇಲೆ ಕ್ವಾರ್ಟರ್ ಬಿತ್ತು. ಮದ್ಯವೂ ನಾಳ ಸಡಿಲ ಮಾಡುತ್ತದೆ, ಜೊತೆಗೆ ಮೂತ್ರ ಹೆಚ್ಚಿಸಿ ಮೈಯ ನೀರು ಕಳೆಯುತ್ತದೆ. ಕೊನೆಗೆ ಬಿಸಿನೀರಿನ ಸ್ನಾನ, ಅದೂ ಚರ್ಮದ ನಾಳಗಳನ್ನೆಲ್ಲ ತೆರೆಯುತ್ತದೆ. ಇಷ್ಟು ನಲ್ಲಿ ಒಟ್ಟಿಗೆ ತೆರೆದುಕೊಂಡಿದ್ದವು. ನೀವು ಎದ್ದು ಹೊರಗೆ ಕಾಲಿಟ್ಟಿರಿ, ಬಿದ್ದಿರಿ.

ಆದರೆ ‘ಮೈ ಬೆವರಿ’ ಎಂದು ಬರೆದಿದ್ದೀರಿ. ಅದು ನನಗೆ ಬೇರೆ ಅನುಮಾನವನ್ನೂ ಹುಟ್ಟಿಸುತ್ತದೆ. ಗ್ಲಿಮೆಪಿರೈಡ್ ಶುಗರನ್ನು ಒತ್ತಾಯವಾಗಿ ಇಳಿಸುವ ಮಾತ್ರೆ. ಶುಗರ್ ತೀರಾ ಇಳಿದರೆ ಸಾಮಾನ್ಯವಾಗಿ ಲಿವರ್ ತನ್ನ ಉಗ್ರಾಣದಿಂದ ಸ್ವಲ್ಪ ಸಕ್ಕರೆ ಬಿಟ್ಟು ಕಾಪಾಡುತ್ತದೆ. ಮದ್ಯ ಕುಡಿದಾಗ ಅದು ಮದ್ಯವನ್ನು ಕರಗಿಸುವುದರಲ್ಲೇ ಮುಳುಗಿರುತ್ತದೆ. ಹೋಟೆಲ್ ಮುಚ್ಚಿದ ಮೇಲೆ ಕಡಲೆಬೀಜದ ಜೊತೆ ಕ್ವಾರ್ಟರ್ ಕುಡಿದು, ಊಟ ಮುಂದೆ ಹಾಕಿದ್ದರೆ, ರಾತ್ರಿ ಒಂದು ಗಂಟೆಗೆ ಶುಗರ್ 60ಕ್ಕೆ ಇಳಿದಿದ್ದರೂ ಆಶ್ಚರ್ಯವಿಲ್ಲ. ಬೆವರು, ನಡುಕ, ಕಣ್ಣು ಕತ್ತಲೆ ಎಲ್ಲ ಅದರ ಲಕ್ಷಣವೇ. ಮನೆಯವರಿಗೆ ಮಾತ್ರ ಕುಡಿದ ಅಮಲು ಎಂದೇ ಕಾಣುತ್ತದೆ, ಮಲಗಿಸಿ ಬಿಡುತ್ತಾರೆ. ಹಾಗೆ ಮಲಗಿದವರು ಬೆಳಿಗ್ಗೆ ಏಳದೆಯೂ ಇರಬಹುದು. ಅಂಥ ಹೊತ್ತಿನಲ್ಲಿ ಎಚ್ಚರ ಇದ್ದರೆ ಎರಡು ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಬೇಕು. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು, ನೇರ ಆಸ್ಪತ್ರೆಗೆ. ಇದನ್ನು ಮನೆಯಲ್ಲಿ ಹೇಳಿಡಿ.

ಕ್ವಾರ್ಟರ್ ಎಂದರೆ ಎಷ್ಟು ಎನ್ನುವುದನ್ನು ಒಂದು ಸಲ ಲೆಕ್ಕ ಹಾಕೋಣ. ಗಲ್ಲೆಯಲ್ಲಿ ದಿನಾ ಅದರ ಬಿಲ್ ಮಾಡುವವರು ನೀವು. ನಮ್ಮಲ್ಲಿ ಮಾರುವ ವಿಸ್ಕಿಯಲ್ಲಿ ಶೇಕಡಾ 42.8ರಷ್ಟು ಮದ್ಯಸಾರ ಇರುತ್ತದೆ. 30 ಮಿ.ಲೀ.ಯ ಒಂದು ಸ್ಮಾಲ್‌ನಲ್ಲಿ ಸುಮಾರು 10 ಗ್ರಾಂ ಮದ್ಯಸಾರ. ಕ್ವಾರ್ಟರ್ 180 ಮಿ.ಲೀ., ಅಂದರೆ 60 ಗ್ರಾಂ. ‘ನಾನು ಬಿಯರ್ ಮಾತ್ರ’ ಎನ್ನುವವರೂ ಕೇಳಿ: 8 ಪರ್ಸೆಂಟಿನ 650 ಮಿ.ಲೀ. ಸ್ಟ್ರಾಂಗ್ ಬಿಯರಿನಲ್ಲಿ ಸುಮಾರು 40 ಗ್ರಾಂ ಇರುತ್ತದೆ, ನಾಲ್ಕು ಸ್ಮಾಲ್‌ಗೆ ಸಮ.

ಈ ಲೆಕ್ಕ ಯಾಕೆ ಬೇಕೆಂದರೆ, ನಿಮ್ಮ ಗೆಳೆಯ ಹೇಳಿದ ಟಡಲಾಫಿಲ್ ಮೇಲೂ ಇಂಥದೇ ಪರೀಕ್ಷೆ ಆಗಿದೆ. ಮೈತೂಕದ ಒಂದು ಕಿಲೋಗೆ 0.6 ಗ್ರಾಂ ಮದ್ಯಸಾರ ಕೊಟ್ಟಾಗ ಬಿಪಿ ಇಳಿದದ್ದು ಕಾಣಲಿಲ್ಲ. 0.7 ಗ್ರಾಂ ಕೊಟ್ಟಾಗ ಕೆಲವರಿಗೆ ಎದ್ದು ನಿಂತರೆ ತಲೆ ಸುತ್ತು ಬಂತು, ಬಿಪಿ ಇಳಿಯಿತು. 70 ಕಿಲೋ ತೂಗುವವನಿಗೆ ಅದು 49 ಗ್ರಾಂ, ಅಂದರೆ ಐದು ಸ್ಮಾಲ್. ನೀವು ಕುಡಿದದ್ದು ಆರು. ‘ಕುಡಿದರೂ ಏನೂ ಆಗಲ್ಲ’ ಎನ್ನುವುದು ಸುಳ್ಳು. ಕಂಪನಿಯವರೇ ಐದು ಅಥವಾ ಹೆಚ್ಚು ಪೆಗ್ ಬೇಡ ಎಂದು ಎಚ್ಚರಿಸುತ್ತಾರೆ.

ಗ್ಯಾಪಿನ ಲೆಕ್ಕವೂ ಹೀಗೆಯೇ. ಲಿವರ್ ಗಂಟೆಗೆ ಹೆಚ್ಚುಕಡಿಮೆ 7ರಿಂದ 10 ಗ್ರಾಂ ಮದ್ಯಸಾರ ಕರಗಿಸುತ್ತದೆ. ಕ್ವಾರ್ಟರ್ ಪೂರ್ತಿ ಕರಗಲು ಆರರಿಂದ ಎಂಟೂವರೆ ಗಂಟೆ ಬೇಕು. ಸಿಲ್ಡೆನಾಫಿಲ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 4 ಗಂಟೆ, ಟಡಲಾಫಿಲ್‌ಗೆ 17 ಗಂಟೆಗೂ ಮೇಲೆ. ಹತ್ತಕ್ಕೆ ಕುಡಿದು ಹನ್ನೆರಡಕ್ಕೆ ನುಂಗಿದರೆ ಗ್ಯಾಪ್ ಇಟ್ಟ ಹಾಗಲ್ಲ. ಟಡಲಾಫಿಲ್ ಶುಕ್ರವಾರ ನುಂಗಿದರೆ ಶನಿವಾರ ರಾತ್ರಿಯೂ ಮೈಯಲ್ಲಿ ಇರುತ್ತದೆ.

ಆಯುರ್ವೇದದ ಕ್ಯಾಪ್ಸೂಲ್ ವಿಷಯ. ಆಯುರ್ವೇದದ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಆದರೆ ಲೋಕಲ್ ಬೋಗಿಯ ಬಾಗಿಲ ಪಕ್ಕ ಅಂಟಿಸಿದ ಚೀಟಿ ನೋಡಿ ತರಿಸುವ ‘ಪವರ್’ ಕ್ಯಾಪ್ಸೂಲ್ ಆಯುರ್ವೇದ ಅಲ್ಲ. ಇಂಥ ‘ಗಿಡಮೂಲಿಕೆ’ ಕ್ಯಾಪ್ಸೂಲುಗಳಲ್ಲಿ ಸಿಲ್ಡೆನಾಫಿಲ್ಲನ್ನೇ ಗುಟ್ಟಾಗಿ ಬೆರೆಸಿದ್ದು ಹಲವು ದೇಶಗಳ ಲ್ಯಾಬುಗಳಲ್ಲಿ ಸಿಕ್ಕಿದೆ. ಎಷ್ಟು ಬೆರೆಸಿದ್ದಾರೆ ಎಂದು ಡಬ್ಬಿಯ ಮೇಲೆ ಬರೆದಿರುವುದಿಲ್ಲ. ನೀವು ಅದನ್ನು ಗೊತ್ತಿಲ್ಲದೆ ನುಂಗಿದ್ದರೆ, ಎದೆನೋವು ಬಂದಾಗ ಡಾಕ್ಟರಿಗೆ ಹೇಳುವುದಾದರೂ ಏನನ್ನು?

ನಿಮ್ಮ ಗೆಳೆಯನಿಗೂ ಒಂದು ಮಾತು ಹೇಳಿ. ಅಡುಗೆಮನೆಯ ಬೆವರಿನಲ್ಲಿ ಕೆಲಸ ಮಾಡುವವರಿಗೆ ಹುಳುಕಡ್ಡಿ ಬರುವುದು ಸಾಮಾನ್ಯ. ಅದಕ್ಕೆ ಇಟ್ರಾಕೊನಝೋಲ್ ಕ್ಯಾಪ್ಸೂಲನ್ನು ವಾರಗಟ್ಟಲೆ ಕೊಡುತ್ತಾರೆ. ಸಿಲ್ಡೆನಾಫಿಲ್ಲನ್ನು ಕರಗಿಸುವ ಲಿವರಿನ ಕಿಣ್ವವನ್ನು ಅದು ತಡೆಯುತ್ತದೆ. ಆಗ 50 ಮಿ.ಗ್ರಾಂ. ಕೂಡ ರಕ್ತದಲ್ಲಿ ಅದಕ್ಕಿಂತ ಎಷ್ಟೋ ದೊಡ್ಡ ಡೋಸಿನ ಹಾಗೆ ನಿಲ್ಲುತ್ತದೆ. ಪ್ರೊಸ್ಟೇಟಿಗೆ ಟ್ಯಾಮ್ಸುಲೋಸಿನ್, ಬಿಪಿಗೆ ಪ್ರಾಝೋಸಿನ್ ತೆಗೆದುಕೊಳ್ಳುವವರಿಗೂ ಬಿಪಿ ತಟ್ಟನೆ ಇಳಿಯಬಹುದು. ಒಬ್ಬರ ಸ್ಟ್ರಿಪ್ ಇನ್ನೊಬ್ಬರಿಗೆ ಆಗುವುದಿಲ್ಲ ಎನ್ನಲು ಕಾರಣ ಇದೇ. ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಮಾತ್ರೆ ಇದು, ಆದರೂ ಸುಮ್ನೆ ಕೈಯಿಂದ ಕೈಗೆ ಹೋಗುತ್ತಿದೆ.

ಇನ್ನು ಮೂಲ ಪ್ರಶ್ನೆ. ನಿಮಗೆ ಈ ತೊಂದರೆ ಬಂದದ್ದಾದರೂ ಯಾಕೆ?

ಅದನ್ನು ಗಂಡಸ್ತನ ಹೋಗುವುದು, ನರದ ವೀಕ್‌ನೆಸ್ ಎಂದೆಲ್ಲ ಕರೆದು ನಮ್ಮವರು ಕೊರಗುತ್ತಾರೆ. ನಿಜವಾಗಿ ಇದು ಹೆಚ್ಚಿನ ಮಟ್ಟಿಗೆ ರಕ್ತನಾಳದ ಕಥೆ. ಮನಸ್ಸಿನಲ್ಲಿ ಆಸೆ ಹುಟ್ಟಿದಾಗ ಶಿಶ್ನದ ನರಗಳು ಮತ್ತು ನಾಳಗಳ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುತ್ತವೆ. ನಾಳ ಅಗಲವಾಗಿ ರಕ್ತ ತುಂಬುತ್ತದೆ. ಈ ಅನಿಲ ನಾಳಗಳಿಗೆ ಸಂದೇಶ ಒಯ್ಯುತ್ತದೆ ಎಂದು ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಅದೇ ವರ್ಷ ಸಿಲ್ಡೆನಾಫಿಲ್ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. ಮೊದಲು ಅದನ್ನು ಬ್ರಿಟನ್ನಿನಲ್ಲಿ ಪರೀಕ್ಷೆ ಮಾಡಿದ್ದು ಎದೆನೋವಿಗೆ. ಎದೆಗೆ ಹೆಚ್ಚು ಪ್ರಯೋಜನ ಕಾಣಲಿಲ್ಲ, ಪರೀಕ್ಷೆಗೆ ಬಂದ ಗಂಡಸರು ಬೇರೆ ಪರಿಣಾಮ ಹೇಳಿದರು.

ನಾಳ ತೆರೆದ ಮೇಲೆ ಅದನ್ನು ಮತ್ತೆ ಮುಚ್ಚುವ ಒಂದು ಕಿಣ್ವ ಇದೆ. ಸಿಲ್ಡೆನಾಫಿಲ್ ಆ ಮುಚ್ಚುವ ಕೈಯನ್ನು ಹಿಡಿದು ನಿಲ್ಲಿಸುತ್ತದೆ, ಅಷ್ಟೇ. ಆಸೆಯನ್ನು ಅದು ಹುಟ್ಟಿಸುವುದಿಲ್ಲ. ನೈಟ್ರೇಟ್ ಮಾತ್ರೆ ಮಾಡುವುದು ನಲ್ಲಿಯನ್ನು ಪೂರ್ತಿ ತೆರೆಯುವ ಕೆಲಸ. ಒಂದು ಮಾತ್ರೆ ತೆರೆಯುತ್ತದೆ, ಇನ್ನೊಂದು ಮುಚ್ಚಲು ಬಿಡುವುದಿಲ್ಲ. ಎರಡೂ ಸೇರಿದರೆ ಯಾಕೆ ಅಪಾಯ ಎಂದು ಈಗ ಹೊಳೆದಿರಬೇಕು.

ಶಿಶ್ನದ ರಕ್ತನಾಳ 1ರಿಂದ 2 ಮಿ.ಮೀ. ಅಗಲ. ಹೃದಯದ್ದು 3ರಿಂದ 4 ಮಿ.ಮೀ. ಶುಗರ್, ಬಿಪಿ, ಬೀಡಿ ಸಿಗರೇಟು, ಕೊಲೆಸ್ಟರಾಲ್ ಎಲ್ಲ ನಾಳಗಳನ್ನೂ ಒಟ್ಟಿಗೆ ಹಾಳು ಮಾಡುತ್ತವೆ. ಸಣ್ಣ ಪೈಪು ಮೊದಲು ಕಟ್ಟುತ್ತದೆ. ಅದಕ್ಕೇ ಎಷ್ಟೋ ಜನರಲ್ಲಿ ಎದೆನೋವಿಗಿಂತ ಎರಡು ಮೂರು ವರ್ಷ ಮೊದಲೇ ಈ ತೊಂದರೆ ಕಾಣಿಸಿಕೊಳ್ಳುತ್ತದೆ. ನಿಮಗೆ ಎರಡು ವರ್ಷದ ಹಿಂದೆ ಶುರುವಾಯಿತು. ಹೋದ ತಿಂಗಳು ಸೇತುವೆಯ ಮೆಟ್ಟಿಲಿನಲ್ಲಿ ಎದೆ ಹಿಡಿಯಿತು. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗಲೇ ನನಗೆ ಆತಂಕವಾದದ್ದು.

ಇದರಲ್ಲಿ ನೈಂಟಿಯ ಪಾಲೂ ಇದೆ. ಕುಡಿದಾಗ ಸಂಕೋಚ ಹೋಗುತ್ತದೆ, ಧೈರ್ಯ ಬಂದ ಹಾಗಾಗುತ್ತದೆ. ಆದರೆ ಮೆದುಳಿನಿಂದ ಕೆಳಗೆ ಹೋಗುವ ಸಂದೇಶ ಮಂದವಾಗುತ್ತದೆ. ವರ್ಷಗಟ್ಟಲೆ ಕುಡಿದರೆ ನರ ಹಾಳಾಗುತ್ತದೆ, ಗಂಡಸರ ಹಾರ್ಮೋನ್ ಟೆಸ್ಟೊಸ್ಟೆರೋನ್ ಇಳಿಯುತ್ತದೆ, ಲಿವರ್ ಸೋಲುತ್ತದೆ. ಕ್ವಾರ್ಟರ್ ಕುಡಿದು ಸಿಲ್ಡೆನಾಫಿಲ್ ನುಂಗುವುದೆಂದರೆ ಒಂದು ಕೈಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಇನ್ನೊಂದು ಕಾಲಲ್ಲಿ ಆಕ್ಸಿಲರೇಟರ್ ಒತ್ತಿದ ಹಾಗೆ. ‘ಡಾಕ್ಟ್ರೇ, ಮಾತ್ರೆ ಕೆಲಸ ಮಾಡ್ಲಿಲ್ಲ’ ಎಂದು ಬರುವವರನ್ನು ನಾನು ಮೊದಲು ಕೇಳುವುದು ಎರಡೇ: ಎಷ್ಟು ಕುಡಿದಿದ್ರಿ, ಏನು ತಿಂದಿದ್ರಿ? ಜಿಡ್ಡಿನ ಊಟ ಮಾಡಿದರೆ ಸಿಲ್ಡೆನಾಫಿಲ್ ಒಂದು ಗಂಟೆಯಷ್ಟು ತಡವಾಗಿ ಏರುತ್ತದೆ. ಆಗಲಿಲ್ಲ ಎಂದು ಇನ್ನೊಂದು ನುಂಗಿಬಿಡುತ್ತಾರೆ. ಕುಡಿದ ತಲೆಗೆ ಲೆಕ್ಕ ಇರುವುದಿಲ್ಲ.

ನನಗೆ ಇನ್ನೂ ಒಂದು ಭಯ ಇದೆ. ನಿಮಿರಿದ್ದು ನಾಲ್ಕು ಗಂಟೆಯಾದರೂ ಇಳಿಯದಿದ್ದರೆ, ಅಥವಾ ಒಂದು ಕಣ್ಣು ಇದ್ದಕ್ಕಿದ್ದಂತೆ ಕಾಣದೆ ಹೋದರೆ, ಅದು ತುರ್ತು ಸ್ಥಿತಿ. ಎರಡೂ ಅಪರೂಪ. ಆದರೆ ಅಮಲಿನಲ್ಲಿ ನಿದ್ದೆ ಹೋದವನಿಗೆ ನಾಲ್ಕು ಗಂಟೆ ಕಳೆದದ್ದು ಗೊತ್ತಾಗುವುದೇ ಇಲ್ಲ. ಬೆಳಿಗ್ಗೆ ಬರುತ್ತಾರೆ, ಅಷ್ಟರಲ್ಲಿ ಒಳಗಿನ ಮಾಂಸಕ್ಕೆ ಶಾಶ್ವತ ಹಾನಿ ಆಗಿರುತ್ತದೆ.

ಮುಂದಿನ ದಾರಿ ಹೃದಯದ ಪರೀಕ್ಷೆಯ ಮೇಲೆ ನಿಂತಿದೆ. ಗಂಡ ಹೆಂಡತಿ ಸೇರುವುದು ಎರಡು ಮಹಡಿ ಮೆಟ್ಟಿಲನ್ನು ಸ್ವಲ್ಪ ಬೇಗ ಹತ್ತಿದಷ್ಟು ಶ್ರಮ ಎಂದು ನಾವು ಲೆಕ್ಕ ಹಿಡಿಯುತ್ತೇವೆ. ಅಷ್ಟನ್ನು ನಿಮ್ಮ ಹೃದಯ ತಡೆಯುತ್ತದೆ, ನೈಟ್ರೇಟ್ ಬೇಕಿಲ್ಲ ಎಂದು ಆ ಡಾಕ್ಟರು ಹೇಳಿದರೆ ಈ ಮಾತ್ರೆಯ ಬಾಗಿಲು ನಿಮಗೆ ತೆರೆದೇ ಇದೆ. ಆದರೆ 100ರಿಂದ ಅಲ್ಲ. 50 ಅಥವಾ 25ರಿಂದ ಶುರು ಮಾಡೋಣ. ಮೊದಲ ನಾಲ್ಕೈದು ಸಲ ಒಂದು ಹನಿಯೂ ಕುಡಿಯದೆ ತೆಗೆದುಕೊಳ್ಳಿ. ಮಾತ್ರೆ ನಿಮ್ಮ ಮೈಗೆ ಏನು ಮಾಡುತ್ತದೆ ಎಂದು ಮೊದಲು ಗೊತ್ತಾಗಲಿ. ಆಮೇಲೂ ಮಾತ್ರೆಯ ದಿನ ಒಂದು ಸ್ಮಾಲ್, ಜಾಸ್ತಿ ಎಂದರೆ ಎರಡು, ಅದೂ ಊಟದ ಜೊತೆ. ಇದು ನನ್ನ ಗೆರೆ. ಬೇರೆ ಡಾಕ್ಟರು ಸ್ವಲ್ಪ ಆಚೀಚೆ ಹೇಳಬಹುದು, ಆದರೆ ಕ್ವಾರ್ಟರಿಗೆ ಯಾರೂ ಒಪ್ಪುವುದಿಲ್ಲ. ದಿನಾ 5 ಮಿ.ಗ್ರಾಂ. ಟಡಲಾಫಿಲ್ ತೆಗೆದುಕೊಳ್ಳುವ ಕ್ರಮವೂ ಇದೆ. ಅನೇಕರಿಗೆ ಅದು ಚೆನ್ನಾಗಿ ಹಿಡಿಸುತ್ತದೆ, ಗಡಿಯಾರ ನೋಡುವ ಕೆಲಸ ಇಲ್ಲ. ಆದರೆ ಆಗ ನಿಮಗೆ ಪ್ರತಿದಿನವೂ ಮಾತ್ರೆಯ ದಿನ. ಶನಿವಾರದ ಅಭ್ಯಾಸ ಇರುವತನಕ ಅದನ್ನು ನಿಮಗೆ ಬರೆದುಕೊಡಲು ನನಗೆ ಮನಸ್ಸಿಲ್ಲ.

ನೈಟ್ರೇಟ್ ಬೇಕು ಎಂದಾದರೆ ಈ ಜಾತಿಯ ಮಾತ್ರೆಗಳೆಲ್ಲ ಬಂದ್. ದಾರಿ ಅಲ್ಲಿಗೆ ಮುಗಿಯುವುದಿಲ್ಲ. ಗಾಳಿ ಎಳೆದು ಶಿಶ್ನಕ್ಕೆ ರಕ್ತ ತುಂಬಿಸುವ ವ್ಯಾಕ್ಯೂಮ್ ಪಂಪ್ ಇದೆ, ಹೃದಯಕ್ಕೆ ತೊಂದರೆ ಇಲ್ಲ. ಬುಡಕ್ಕೆ ಹಾಕುವ ರಿಂಗನ್ನು 30 ನಿಮಿಷದೊಳಗೆ ತೆಗೆಯಬೇಕು, ರಕ್ತ ತೆಳುವಾಗುವ ಔಷಧ ಇದ್ದರೆ ಕಂದುಗಟ್ಟಬಹುದು. ಸಣ್ಣ ಸೂಜಿಯಲ್ಲಿ ಅಲ್ಲಿಗೇ ಕೊಡುವ ಇಂಜೆಕ್ಷನ್ ಇದೆ, ಕ್ಲಿನಿಕ್ಕಿನಲ್ಲಿ ಕಲಿತು ಮನೆಯಲ್ಲಿ ತೆಗೆದುಕೊಳ್ಳುವುದು. ಅದರಲ್ಲಿ ಇಳಿಯದೆ ನಿಲ್ಲುವ ಅಪಾಯ ಮಾತ್ರೆಗಿಂತ ಹೆಚ್ಚು. ಕೊನೆಯದು ಶಿಶ್ನದೊಳಗೆ ಕೃತಕ ಸಾಧನ ಕೂರಿಸುವ ಇಂಪ್ಲಾಂಟ್ ಆಪರೇಷನ್. ಶುಗರ್ ಹತೋಟಿಯಲ್ಲಿಲ್ಲದವರಿಗೆ ಸೋಂಕಿನ ಭಯ ಇರುವುದರಿಂದ ಅವಸರ ಮಾಡುವುದಿಲ್ಲ.

ಕುಡಿತ ಬಿಡುವ ಮಾತು. ಮೂರು ತಿಂಗಳು ಪೂರ್ತಿ ನಿಲ್ಲಿಸಿ, ಶುಗರನ್ನು ಹತೋಟಿಗೆ ತಂದು, ಆಮೇಲೆ ಮಾತ್ರೆ ಎಷ್ಟು ಬೇಕು ಎಂದು ನೋಡೋಣ ಅನ್ನುವುದು ನನ್ನ ಆಸೆ. ಹಾಗೆ ಮಾಡಿದ ಕೆಲವರಿಗೆ ಮಾತ್ರೆಯೇ ಬೇಕಾಗಲಿಲ್ಲ, ಕೆಲವರಿಗೆ ಕಡಿಮೆ ಡೋಸ್ ಸಾಕಾಯಿತು. ಆದರೆ ಬೆಳಿಗ್ಗೆ ಎದ್ದಾಗ ಕೈ ನಡುಗುವುದು, ಕುಡಿಯದ ದಿನ ಬೆವರುವುದು ಇದ್ದರೆ ಒಬ್ಬರೇ ತಟ್ಟನೆ ಬಿಡಬೇಡಿ. ಫಿಟ್ಸ್ ಬರಬಹುದು. ಡಾಕ್ಟರ ಕೈಯಲ್ಲಿ ಔಷಧ ತೆಗೆದುಕೊಂಡು ಬಿಡಬೇಕು. ಬಾರಿನಲ್ಲಿ ಕೂತು ಬಾರಿನ ವಾಸನೆಯಲ್ಲೇ ದುಡಿಯುವವರಿಗೆ ಇದು ಎಷ್ಟು ಕಷ್ಟ ಎಂದು ನನಗೆ ಗೊತ್ತು.

ನಿಮ್ಮ ಹೆಂಡತಿಗೆ ಹೇಳಿ. ಜಾರಿ ಬಿದ್ದೆ ಎಂದರೆ ಅವರು ಬಾತ್‌ರೂಮಿನ ನೆಲ ಒರೆಸುತ್ತಾರೆ, ನಿಮ್ಮ ಬಿಪಿ ನೋಡುವುದಿಲ್ಲ. ನಾಳೆ ನಿಮಗೆ ಮಾತು ಬರದ ಸ್ಥಿತಿ ಬಂದರೆ ಆಸ್ಪತ್ರೆಯಲ್ಲಿ ಆ ಮಾತ್ರೆಯ ಹೆಸರು ಹೇಳಬೇಕಾದವರು ಅವರೇ. ಅವರೂ ಎರಡು ವರ್ಷದಿಂದ ಒಳಗೊಳಗೇ ಏನೇನೋ ಯೋಚಿಸುತ್ತಿರಬಹುದು. ನನ್ನ ಮೇಲೆ ಮನಸ್ಸಿಲ್ಲವೇನೋ, ಬೇರೆ ಯಾರಾದರೂ ಇದ್ದಾರೇನೋ ಎಂದು. ನನ್ನ ಮುಂದೆ ಕೂತು ಅತ್ತ ಹೆಂಗಸರು ಹೇಳಿದ್ದು ಇದನ್ನೇ. ‘ಶುಗರಿನಿಂದ ಹೀಗಾಗಿದೆ, ತೋರಿಸಿಕೊಳ್ಳುತ್ತೇನೆ’ ಎಂದು ಒಂದೇ ಮಾತು ಸಾಕು, ಉಳಿದದ್ದು ತಾನಾಗಿ ಬರುತ್ತದೆ.

ಪ್ರೈವೇಟ್ ಆಸ್ಪತ್ರೆಯ ಖರ್ಚು ಕಷ್ಟವಾದರೆ ಮುಂಬಯಿಯ ಮುನ್ಸಿಪಲ್ ಆಸ್ಪತ್ರೆಗಳಾದ ಸಾಯನ್, ಪರೇಲಿನ ಕೆಇಎಂ, ನಾಯರ್ ಎಲ್ಲ ಕಡೆ ಹೃದಯದ ವಿಭಾಗವೂ ಇದೆ, ಇಂಥ ತೊಂದರೆ ನೋಡುವ ನಮ್ಮ ಯೂರಾಲಜಿ ವಿಭಾಗವೂ ಇದೆ. ಡೊಂಬಿವಲಿಯಿಂದ ಸಾಯನ್‌ಗೆ ಒಂದೇ ಲೋಕಲ್. ಬೆಳಿಗ್ಗೆ ಬೇಗ ಹೋಗಿ, ಖಾಲಿ ಹೊಟ್ಟೆಯಲ್ಲಿ. ಮೂರು ತಿಂಗಳ ಸರಾಸರಿ ಶುಗರ್, ಕೊಲೆಸ್ಟರಾಲ್, ಲಿವರ್, ಕಿಡ್ನಿ, ಟೆಸ್ಟೊಸ್ಟೆರೋನ್ ಎಲ್ಲ ಒಂದೇ ರಕ್ತದಲ್ಲಿ ಆಗಿಹೋಗುತ್ತದೆ. ಶುಗರಿನ ಮಾತ್ರೆಯನ್ನು ರಕ್ತ ಕೊಟ್ಟು, ತಿಂಡಿ ತಿಂದ ಮೇಲೆ ತೆಗೆದುಕೊಳ್ಳಿ. ಸೇತುವೆಯನ್ನು ನಿಧಾನವಾಗಿ ಹತ್ತಿ, ಎಸ್ಕಲೇಟರ್ ಇದ್ದರೆ ಅದರಲ್ಲೇ ಹೋಗಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಗೆಳೆಯ ಕೊಟ್ಟದ್ದರಲ್ಲಿ ಉಳಿದದ್ದನ್ನೂ ಸೇರಿಸಿ.